ಮನೇಲೇ ಹೊಟ್ಟೆ ವ್ಯಾಯಾಮ, ಜೊತೆಗೆ ಪುಟ್ಟ ಆಫ್‌ರೋಡ್ ಕಾನ್ಸೆಪ್ಟ್ ಕಾರಿನ ಅಳತೆ: ದಾವಣಗೆರೆ, ದುರ್ಗದವರು ಬರ್ರಿ

ಪೆನ್ಸಿಲ್_ತುದಿ | ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಎರಡು, ಆದ್ರೆ ಎರಡೂ ಒಂದೇ ಮೇಜಿಂದ ಹುಟ್ಟಿದ್ದು. ಕಾಲೇಜಿನ ನಾಲ್ಕು ಜನ ಸೇರಿ ಒಂದು ಸ್ಪರ್ಧೆಗೆ ನಾಲ್ಕು ಮೀಟರ್ ಒಳಗಿನ ಆಫ್‌ರೋಡ್ (ಕಚ್ಚಾ ದಾರೀಲಿ ಓಡೋ) ಕಾರಿನ ಕಾನ್ಸೆಪ್ಟ್ ಬಿಡಿಸ್ತಾ ಇದೀವಿ. 1:4 ಅಳತೆಯ ಕ್ಲೇ ಮಾಡೆಲ್ಲೂ ಮಾಡ್ಬೇಕು.
ಒಂದು: ಉದ್ದ 3,800, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರದ ಕೇಂದ್ರಗಳ ನಡುವಿನ ದೂರ) 2,350, ಟೈರ್ ವ್ಯಾಸ 800 ಮಿ.ಮೀ. ಇಟ್ಟಿದೀವಿ. ಅಪ್ರೋಚ್ (ಬಂಪರ್ ತಾಗದೆ ಹತ್ತಬಹುದಾದ ಏರಿನ ಕೋನ) 40 ಡಿಗ್ರಿ, ಬ್ರೇಕ್‌ಓವರ್ (ತಳ ತಾಗದೆ ದಾಟಬಹುದಾದ ದಿಬ್ಬದ ಕೋನ) 30 ಬೇಕು. ಆಗುತ್ತಾ?
ಎರಡು: ಕೂತು ಕೂತು ನಾಲ್ವರಿಗೂ ಹೊಟ್ಟೆ ಬಂದಿದೆ, ಸೊಂಟ ಹಿಡ್ಕೊಂಡಿದೆ. ಜಿಮ್ ಆಗಲ್ಲ. ಮನೇಲಿ ಒಂದು ಚಾಪೆ ಇದೆ. ದಿನಾ ನೂರು ಸಿಟ್‌ಅಪ್ ಹೊಡೆದ್ರೆ ಸಾಕಾ?

ಗರಡಿ_ಮಣ್ಣು | ದಾವಣಗೆರೆ
ಸಿಟ್‌ಅಪ್ ಬಿಡೋ ತಮ್ಮಾ. ಐವತ್ತು ದಂಡ, ನೂರು ಬಸ್ಕಿ. ನಮ್ಮೂರ ಪೈಲ್ವಾನರು ಯಾವ ಚಾಪೆ ಮೇಲೆ ಕ್ರಂಚ್ ಮಾಡಿದ್ರು? ಕಾರಿನ ವಿಷಯ ನಂಗೆ ಗೊತ್ತಿಲ್ಲ.

ಫಿಸಿಯೋ_ಅಕ್ಕ | ವಿದ್ಯಾನಗರ, ದಾವಣಗೆರೆ
ಗರಡಿ ಅಣ್ಣ, ದಂಡಕ್ಕೆ ಅದರ ಬೆಲೆ ಇದ್ದೇ ಇದೆ. ಆದ್ರೆ ದಂಡದಲ್ಲಿ ಎದೆ ಮೇಲೆತ್ತುವಾಗ ಸೊಂಟ ಹಿಂದಕ್ಕೆ ಬಾಗುತ್ತೆ. ಹಿಂದಕ್ಕೆ ಬಾಗಿದ್ರೆ ನೋಯುವ ಸೊಂಟಕ್ಕೆ ಅದು ಮೊದಲ ಪಾಠ ಅಲ್ಲ.

ಸಿಟ್‌ಅಪ್ ಯಾಕೆ ಬೇಡ ಅಂದ್ರೆ, ಮಂಚದ ಕೆಳಗೆ ಪಾದ ಸಿಗಿಸಿ ಪೂರ್ತಿ ಎದ್ದು ಕೂರುವಾಗ ಭುಜ ನೆಲ ಬಿಡುವ ತನಕ ಮಾತ್ರ ಹೆಚ್ಚು ಕೆಲಸ ಹೊಟ್ಟೆಯದ್ದು. ಆಮೇಲೆ ಎಳೆಯೋದು ಸೋಆಸ್ ಅನ್ನೋ ಸ್ನಾಯು. ಅದರ ಒಂದು ತುದಿ ಸೊಂಟದ ಬೆನ್ನುಮೂಳೆಗೆ, ಇನ್ನೊಂದು ತೊಡೆಮೂಳೆಗೆ ಅಂಟಿರುತ್ತೆ. ಅದು ಎಳೆದಷ್ಟೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಮೇಲೆ ಒತ್ತಡ.

ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಮೂರು ವ್ಯಾಯಾಮ ಹೇಳ್ತಾರೆ. ನಿಮ್ಮ ಚಾಪೆ ಸಾಕು.

ಕರ್ಲ್‌ಅಪ್: ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈ ಸೊಂಟದ ಕೆಳಗಿನ ಖಾಲಿ ಜಾಗದಲ್ಲಿ. ಆ ಜಾಗ ಚಪ್ಪಟೆ ಆಗಬಾರದು. ತಲೆ, ಭುಜ ಒಟ್ಟಿಗೆ ಬೆರಳೆರಡರಷ್ಟು ಎತ್ತಿ ಹಿಡಿಯಿರಿ, ಅಷ್ಟೇ. ಗದ್ದ ಎದೆಗೆ ತಾಗಿದ್ರೆ ಕುತ್ತಿಗೆ ದುಡೀತಿದೆ ಅಂತ.

ಸೈಡ್ ಪ್ಲ್ಯಾಂಕ್: ಪಕ್ಕಕ್ಕೆ ಮಲಗಿ, ಮೊಣಕೈ ಊರಿ ಸೊಂಟ ಎತ್ತಿ ಹಿಡಿಯೋದು. ಶುರುವಿಗೆ ಮಂಡಿ ಮಡಚಿ. ಮೊಣಕೈ ಭುಜದ ನೇರ ಕೆಳಗೆ ಇರ್ಲಿ, ಮುಂದೆ ಜಾರಿದ್ರೆ ಭುಜ ನೋಯುತ್ತೆ.

ಬರ್ಡ್ ಡಾಗ್: ಅಂಬೆಗಾಲಲ್ಲಿ ನಿಂತು ಎಡಗೈ ಮತ್ತು ಬಲಗಾಲು ಚಾಚೋದು, ಆಮೇಲೆ ಅದಲು ಬದಲು. ಕಾಲು ಸೊಂಟಕ್ಕಿಂತ ಮೇಲೆ ಹೋಯ್ತು ಅಂದ್ರೆ ಬೆನ್ನು ಕುಳಿ ಬೀಳುತ್ತೆ. ಸೊಂಟದ ಮೇಲೆ ಸ್ಟೀಲ್ ತಟ್ಟೆ ಇಟ್ಟು ಮಾಡಿ, ತಟ್ಟೆ ಸದ್ದು ಮಾಡಿದ್ರೆ ತಪ್ಪು.

ಪ್ರತಿ ಸಲ 8ರಿಂದ 10 ಸೆಕೆಂಡ್ ಹಿಡಿಯೋದು. ಮೊದಲ ಸುತ್ತು 6, ಎರಡನೇದು 4, ಮೂರನೇದು 2 ಸಲ. ಸುಸ್ತಾದಂತೆ ಸಂಖ್ಯೆ ಇಳಿಯುತ್ತೆ, ಭಂಗಿ ಕೆಡಲ್ಲ. ಉಸಿರು ಕಟ್ಟಬೇಡಿ. ಮೂರೂ ಸೇರಿ ಕಾಲು ಗಂಟೆ.

ಮಂಡಕ್ಕಿ_ಮಿರ್ಚಿ | ದಾವಣಗೆರೆ
ಅಕ್ಕಾ ಇದ್ರಲ್ಲಿ ಸಿಕ್ಸ್ ಪ್ಯಾಕ್ ಎಲ್ಲಿ ಬಂತು?

ಫಿಸಿಯೋ_ಅಕ್ಕ
ಅದು ಮೊದಲೇ ಇದೆ, ನಿಮ್ಮ ಹೆಸರಲ್ಲಿರೋ ಎರಡು ಐಟಂ ಕೆಳಗೆ ಮುಚ್ಚಿಕೊಂಡಿದೆ. 🙂

ಡೆಫಿಸಿಟ್_ದುರ್ಗ | ಚಿತ್ರದುರ್ಗ
ಅಕ್ಕ ತಮಾಷೆಗೆ ಹೇಳಿದ್ರೂ ವಿಷಯ ಅದೇ. ಹೊಟ್ಟೆ ವ್ಯಾಯಾಮ ಮಾಡಿದ್ರೆ ಹೊಟ್ಟೆಯ ಕೊಬ್ಬೇ ಕರಗುತ್ತೆ ಅನ್ನೋದು ಸುಳ್ಳು. ಯಾವ ಜಾಗದ ಕೊಬ್ಬು ಮೊದಲು ಹೋಗ್ಬೇಕು ಅಂತ ದೇಹ ನಿಮ್ಮನ್ನ ಕೇಳಲ್ಲ. ಒಂದು ಕೆ.ಜಿ. ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500 ಕಡಿಮೆ ತಿಂದ್ರೆ ವಾರಕ್ಕೆ ಹೆಚ್ಚಂದ್ರೆ ಅರ್ಧ ಕೆ.ಜಿ. ಪ್ರೋಟೀನು ದೇಹದ ತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಇಟ್ಕೊಳ್ರಿ, ಇಲ್ದಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಹೋಗುತ್ತೆ. ನೂರು ಗ್ರಾಂ ಒಣ ಹೆಸರುಕಾಳಲ್ಲಿ 24 ಗ್ರಾಂ ಸಿಗುತ್ತೆ. ಶೇಂಗಾದಲ್ಲೂ ಹತ್ತಿರತ್ತಿರ ಅಷ್ಟೇ, ಆದ್ರೆ ಕ್ಯಾಲರಿ 560ರ ಮೇಲೆ. "ಶೇಂಗಾ ಪ್ರೋಟೀನು" ಅಂತ ಬೊಗಸೆಗಟ್ಟಲೆ ಮುಕ್ಕೋರು ಇದನ್ನ ನೋಡ್ಕೊಳ್ರಿ.

ಮಂಡಕ್ಕಿ ಪಾಪ ಏನೂ ಮಾಡಿಲ್ಲ. ಎಣ್ಣೆಲಿ ಮುಳುಗಿ ಎದ್ದ ಮಿರ್ಚಿ, ದೋಸೆ ಮೇಲಿನ ಬೆಣ್ಣೆ, ಇವಕ್ಕೆ ಲೆಕ್ಕ ಇಡ್ರಿ. ಒಂದು ಚಮಚ ಬೆಣ್ಣೆ ಅಂದ್ರೆ, ದೊಡ್ಡ ಚಮಚ, ನೂರು ಕ್ಯಾಲರಿ. ಹೋಟೆಲಲ್ಲಿ ಎಷ್ಟು ಚಮಚ ಬೀಳುತ್ತೆ ಅಂತ ಎದುರಿಗೆ ನಿಂತು ನೋಡ್ರಿ.

ಬೆಣ್ಣೆ_ಭಕ್ತ | ದಾವಣಗೆರೆ
ಬೆಣ್ಣೆ ದೋಸೆ ಬಗ್ಗೆ ಮಾತಾಡೋರ ಅಕೌಂಟ್ ಬ್ಲಾಕ್ ಮಾಡ್ರಿ ಮೊದ್ಲು.

ಲೋ_ರೇಂಜ್ | ಚಿತ್ರದುರ್ಗ
ಯಾರೂ ಕಾರಿನ ಪ್ರಶ್ನೆ ಮುಟ್ಟಿಲ್ಲ, ನಾನು ಮುಟ್ತೀನಿ.

800ರ ಟೈರು ಕಾನ್ಸೆಪ್ಟ್ ಬಿಡಿಸೋರೆಲ್ಲರ ಹಳೇ ಚಟ. ಚಿತ್ರದಲ್ಲಿ ಚಕ್ರ ಗಾಡಿಯ ಅರ್ಧ ಎತ್ತರ ಇದ್ರೆ ಗತ್ತಾಗಿ ಕಾಣುತ್ತೆ. ಈಗ ಸುಜುಕಿಯ ಪುಟ್ಟ ಆಫ್‌ರೋಡರ್ ಜಿಮ್ನಿ ನೋಡಿ: ಟೈರು 195/80 ಆರ್15. ರಿಮ್ 15 ಇಂಚು ಅಂದ್ರೆ 381 ಮಿ.ಮೀ., ಅದಕ್ಕೆ 195ರ 80 ಪರ್ಸೆಂಟು 156, ಮೇಲೊಂದು ಕೆಳಗೊಂದು. ಒಟ್ಟು 693. ಗಾಡಿ ಎತ್ತರ 1,720. ಅಂದ್ರೆ ಚಕ್ರ 40 ಪರ್ಸೆಂಟು. ಆಫ್‌ರೋಡಿಗೇ ಅಂತ ಮಾಡಿದ ಗಾಡಿನೇ ಇಷ್ಟಕ್ಕೆ ನಿಂತಿದೆ. ಯಾಕೆ? ಸ್ಟೀರಿಂಗ್ ಪೂರ್ತಿ ತಿರುಗಿಸಿ, ಅದೇ ಹೊತ್ತಿಗೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಟೈರು ಎಲ್ಲಿಗೆ ಬರುತ್ತೆ ಅಂತ ಬಿಡಿಸಿ ನೋಡಿ. 800ರ ಟೈರಿನ ಹಿಂದಿನ ಅಂಚು ಡ್ರೈವರ್ ಪಾದದ ಜಾಗಕ್ಕೆ ನುಗ್ಗುತ್ತೆ. ಹಿಂದೆ ಅದೇ ಟೈರು ಸೀಟಿನ ಅಗಲ ತಿನ್ನುತ್ತೆ. 3,800 ಉದ್ದದಲ್ಲಿ ಅಷ್ಟು ಜಾಗ ದಾನ ಮಾಡೋಕಾಗಲ್ಲ. 700ಕ್ಕೆ ಇಳಿಸಿ.

ಅಪ್ರೋಚ್ 40 ಆಗುತ್ತೆ. 700 ಟೈರಿಗೆ 40 ಡಿಗ್ರಿ ಗೆರೆ ಎಳೆದ್ರೆ ಅದು ಟೈರನ್ನ ಮುಟ್ಟೋದು ಚಕ್ರದ ಕೇಂದ್ರದಿಂದ 225 ಮಿ.ಮೀ. ಮುಂದೆ, ನೆಲದಿಂದ 82 ಮೇಲೆ. ಅಲ್ಲಿಂದ ಮುಂದಕ್ಕೆ ಪ್ರತಿ 100ಕ್ಕೆ 84 ಏರುತ್ತೆ. ಬಂಪರಿನ ಕೆಳ ಅಂಚು ಕೇಂದ್ರದಿಂದ 600 ಮುಂದಿದ್ರೆ ನೆಲದಿಂದ 400 ಎತ್ತರ ಬೇಕು. 700 ಮುಂದಿದ್ರೆ 480. ಬಂಪರ್ 480ರ ಮೇಲೆ ಹೋದ್ರೆ ಮುಖವೆಲ್ಲ ಹಣೆಯೇ ಆಗುತ್ತೆ, ಅದಕ್ಕೇ ಮುಂದಿನ ಓವರ್‌ಹ್ಯಾಂಗ್ (ಚಕ್ರದ ಮುಂದೆ ಚಾಚಿದ ಭಾಗ) ಕತ್ತರಿಸಿ. ಇಲ್ಲಾಂದ್ರೆ ಬಂಪರಿನ ಎರಡು ಮೂಲೆ ಮಾತ್ರ ಮೇಲೆತ್ತಿ. ಬಂಡೆ ಹತ್ತೋದು ಟೈರು, ನಂಬರ್ ಪ್ಲೇಟಲ್ಲ.

ಬ್ರೇಕ್‌ಓವರ್ 30ಕ್ಕೆ ನಿಮ್ಮ ವೀಲ್‌ಬೇಸಲ್ಲಿ ಗಾಡಿಯ ಹೊಟ್ಟೆ, ಅಂದ್ರೆ ಚಕ್ರಗಳ ನಡುವಿನ ತಳ, ನೆಲದಿಂದ 315 ಮಿ.ಮೀ. ಮೇಲಿರ್ಬೇಕು. ಕಷ್ಟ. 280 ಇಡಿ, 27 ಡಿಗ್ರಿ ಸಿಗುತ್ತೆ, ಸಾಕು.

ಮೀಟರ್_ಟೇಪ್ | ಹರಿಹರ
@ಲೋ_ರೇಂಜ್ ಒಂದು ಅನುಮಾನ. 5 ಬಾಗಿಲ ಜಿಮ್ನಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅತಿ ಕೆಳಗಿನ ಭಾಗಕ್ಕೂ ಇರೋ ಅಂತರ) 210, ವೀಲ್‌ಬೇಸ್ 2,590. ನಿಮ್ಮ ಲೆಕ್ಕದಲ್ಲಿ ಬ್ರೇಕ್‌ಓವರ್ 18, 19 ಬರುತ್ತೆ. ಕಂಪನಿ 24 ಅಂತ ಬರೆದಿದೆ. ಯಾರದು ತಪ್ಪು?

ಲೋ_ರೇಂಜ್
ಯಾರದೂ ಅಲ್ಲ. 210 ಅಳೆದದ್ದು ಡಿಫರೆನ್ಷಿಯಲ್ (ಎಡ, ಬಲ ಚಕ್ರಕ್ಕೆ ಶಕ್ತಿ ಹಂಚೋ ಗೇರು) ಗುಂಡಿನ ಕೆಳಗೆ, ಅದು ಚಕ್ರಗಳ ಸಾಲಲ್ಲೇ ಇರುತ್ತೆ. ದಿಬ್ಬಕ್ಕೆ ತಾಗೋದು ನಡುಹೊಟ್ಟೆ. 24 ಡಿಗ್ರಿಯಿಂದ ಹಿಂದಕ್ಕೆ ಲೆಕ್ಕ ಹಾಕಿದ್ರೆ ನಡುಹೊಟ್ಟೆ ಸುಮಾರು 275 ಎತ್ತರದಲ್ಲಿದೆ. 3 ಬಾಗಿಲ ಜಿಮ್ನಿಯ ವೀಲ್‌ಬೇಸ್ 2,250, ಬ್ರೇಕ್‌ಓವರ್ 28. ಅದೇ 275 ಹಾಕಿ ನೋಡಿ, ಹತ್ತಿರತ್ತಿರ 28ಕ್ಕೇ ಬರುತ್ತೆ. ಅಂದ್ರೆ ಹೊಟ್ಟೆ ಒಂದೇ, 340 ಮಿ.ಮೀ. ವೀಲ್‌ಬೇಸ್ ಹೆಚ್ಚಿದ್ದಕ್ಕೆ 4 ಡಿಗ್ರಿ ಹೋಯ್ತು. ಕ್ಲಿಯರೆನ್ಸ್ ನಂಬರ್ ಒಂದನ್ನೇ ನೋಡಿ ಗಾಡಿ ಹೋಲಿಸೋರಿಗೆ ಇದನ್ನ ತೋರಿಸಿ.

ಫಿಸಿಯೋ_ಅಕ್ಕ
ಅಳತೆ ಜಾಗದ ಮಾತು ಬಂದಿದ್ದಕ್ಕೆ: ನಿಮ್ಮ ಹೊಟ್ಟೆಗೂ ಇದೇ ನಿಯಮ. ಪ್ಯಾಂಟ್ ಸೈಜು ಸೊಂಟದ ಸುತ್ತಳತೆ ಅಲ್ಲ, ಪ್ಯಾಂಟನ್ನ ಹೊಟ್ಟೆ ಕೆಳಗೆ ಕಟ್ಟಿರ್ತೀರಿ. ಕೊನೆಯ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಟೇಪು ಹಿಡಿಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದ್ರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಅಪಾಯ ಏರುತ್ತೆ ಅಂತ ಲೆಕ್ಕ. ತಿಂಗಳಿಗೆರಡು ಸಲ ಅಳೆದ್ರೆ ಸಾಕು.

ಗರಡಿ_ಮಣ್ಣು
ಹೊಟ್ಟೆಗೂ ಡಿಫರೆನ್ಷಿಯಲ್ ಐತಿ ಅಂತ ಇವತ್ತು ಗೊತ್ತಾತು. 😂

ಜಗಲಿ_ಅಧ್ಯಕ್ಷ | ನಿರ್ವಾಹಕ
ಎರಡು ವಿಷಯಕ್ಕೆ ಎರಡು ಥ್ರೆಡ್ ಮಾಡ್ರಿ ಅಂತ ನಿಯಮದಲ್ಲಿದೆ. ಈಗ ಬೇರ್ಪಡಿಸಿದ್ರೆ ಯಾವ ಹೊಟ್ಟೆ ಯಾರದ್ದು ಅಂತ ಗೊತ್ತಾಗಲ್ಲ, ಅದಕ್ಕೆ ಬಿಟ್ಟಿದೀನಿ.

ನಿವಾ_ಪ್ರೇಮಿ | ಚಿತ್ರದುರ್ಗ
ಅಳತೆ ಸರಿ. ಅಡಿಗಟ್ಟು ಏನು? ಲ್ಯಾಡರ್ ಫ್ರೇಮ್ (ಏಣಿ ಥರದ ಬೇರೆ ಚೌಕಟ್ಟು) ಅಂತ ಕಣ್ಣು ಮುಚ್ಚಿ ಬರೀಬೇಡಿ. 1977ರ ರಷ್ಯಾದ ಲಾಡಾ ನಿವಾ ಮೊನೊಕಾಕ್ (ಮೈಯೇ ಚೌಕಟ್ಟು) ಗಾಡಿ, ಯಾವಾಗ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ, ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲ ಕೊಡೋ ಗೇರು) ಇದೆ, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರ ತಾನೇ ತಾನಾಗಿ ಏಳಿಳಿಯೋದು). ವೀಲ್‌ಬೇಸ್ 2,200. ಪುಟ್ಟ ಆಫ್‌ರೋಡರ್ ಅಂದ್ರೆ ಅದು.

ಲೋ_ರೇಂಜ್
ನಿವಾ ಒಳ್ಳೇ ಗಾಡಿ, ಒಪ್ಪಿದೆ. ಆದ್ರೆ ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್ ಒತ್ತಿದಾಗ ಚಕ್ರ ಮೇಲೆ ಹೋಗುತ್ತೆ, ಹೊಟ್ಟೆ ಕೆಳಗಿಳಿಯುತ್ತೆ. ಬೇಕಾದ ಹೊತ್ತಿಗೇ ಕ್ಲಿಯರೆನ್ಸ್ ಕಡಿಮೆ. ರಿಜಿಡ್ ಆಕ್ಸಲ್‌ನಲ್ಲಿ (ಎರಡೂ ಚಕ್ರ ಸೇರಿಸೋ ಒಂದೇ ಗಟ್ಟಿ ದಂಡ) ಡಿಫರೆನ್ಷಿಯಲ್ ಚಕ್ರದ ಜೊತೆಗೇ ಏಳುತ್ತೆ, ಒಂದು ಚಕ್ರ ಮೇಲೆ ಹೋದ್ರೆ ಇನ್ನೊಂದನ್ನ ನೆಲಕ್ಕೆ ಒತ್ತುತ್ತೆ. ಜಿಮ್ನಿ ಎರಡೂ ಕಡೆ ರಿಜಿಡ್ ಇಟ್ಟಿರೋದು ಅದಕ್ಕೇ.

ನಿವಾ_ಪ್ರೇಮಿ
ಅದಕ್ಕೇ ಹೈವೇಲಿ ಜಿಮ್ನಿ ತಲೆ ಅಲ್ಲಾಡಿಸ್ತಾ ಹೋಗೋದು. ದುರ್ಗದಿಂದ ದಾವಣಗೆರೆಗೆ ಎನ್‌ಎಚ್ 48ರಲ್ಲಿ ಅರವತ್ತು ಕಿಲೋಮೀಟರ್ ಚಿಲ್ಲರೆ, ಬಂಡೆ ಹತ್ತೋದು ವರ್ಷಕ್ಕೆರಡು ಸಲ. ಯಾವುದಕ್ಕೆ ಡಿಸೈನ್ ಮಾಡ್ತೀರಿ ಸ್ವಾಮಿ?

ಪಂಚ್_ಪಟೇಲ | ದಾವಣಗೆರೆ
ಜನ ಕೊಳ್ಳೋ ಲೆಕ್ಕ ನೋಡಿದ್ರೆ ಟಾಟಾದವರ ದಾರಿನೇ ಸರಿ. 2019ರಲ್ಲಿ ಜಿನೀವಾದಲ್ಲಿ ಎಚ್2ಎಕ್ಸ್ ಕಾನ್ಸೆಪ್ಟ್, 2020ರ ಆಟೋ ಎಕ್ಸ್‌ಪೋದಲ್ಲಿ ಎಚ್‌ಬಿಎಕ್ಸ್, 2021ರ ಅಕ್ಟೋಬರಲ್ಲಿ ಪಂಚ್. ಕಾನ್ಸೆಪ್ಟಿನ ಮುಖ ಹತ್ತಿರತ್ತಿರ ಹಾಗೇ ರೋಡಿಗೆ ಬಂತು.

ಲೋ_ರೇಂಜ್
ಮುಖ ಬಂತು, ಹಿಂದಿನ ಆಕ್ಸಲ್‌ಗೆ ಶಕ್ತಿ ಬರ್ಲಿಲ್ಲ. ಪಂಚ್ ಫ್ರಂಟ್ ವೀಲ್ ಡ್ರೈವ್, ಅಪ್ರೋಚ್ 20 ಚಿಲ್ಲರೆ. ಹಳ್ಳಿ ರಸ್ತೆಗೆ ಚೆನ್ನಾಗಿದೆ. ಆಫ್‌ರೋಡರ್ ಅನ್ಬೇಡಿ.

ಪೆನ್ಸಿಲ್_ತುದಿ
ಟೈರ್ 700 ಮಾಡಿದ್ವಿ. ನಮ್ಮದು ಎಲೆಕ್ಟ್ರಿಕ್ ಅಂದ್ಕೊಂಡಿದ್ವಿ, ಬ್ಯಾಟರಿ ನೆಲದಡಿಗೆ. ಟೊಯೊಟಾ 2021ರಲ್ಲಿ ಕಾಂಪ್ಯಾಕ್ಟ್ ಕ್ರೂಸರ್ ಇವಿ ತೋರಿಸಿತ್ತಲ್ಲ, ಆ ಥರ.

ಮೀಟರ್_ಟೇಪ್
ಬ್ಯಾಟರಿ ಹಾಕೋ ಜಾಗಾನೇ ನಡುಹೊಟ್ಟೆ. ಪ್ಯಾಕು, ಅದರ ಕೆಳಗಿನ ಕಲ್ಲು ತಡೆಯೋ ತಗಡು ಸೇರಿ ಹೊಟ್ಟೆ 280ರಿಂದ 220ಕ್ಕಿಳಿದ್ರೆ ಬ್ರೇಕ್‌ಓವರ್ 27ರಿಂದ 21ಕ್ಕೆ ಬೀಳುತ್ತೆ. ಅಷ್ಟೇ ಎತ್ತರ ಉಳಿಸ್ಬೇಕು ಅಂದ್ರೆ ಸೀಟು ಮೇಲೇಳುತ್ತೆ, ಮೇಲ್ಛಾವಣಿ ಏಳುತ್ತೆ, ಅಗಲ ಕಡಿಮೆ ಇರೋ ಗಾಡಿ ಓರೆಯಲ್ಲಿ ವಾಲುತ್ತೆ. ಬ್ಯಾಟರಿ ತೂಕ ಕೆಳಗಿರೋದ್ರಿಂದ ಸ್ವಲ್ಪ ಬಚಾವ್. ಪ್ಯಾಕನ್ನ ಎರಡು ಭಾಗ ಮಾಡಿ, ಮುಂದಿನ ಸೀಟಿನಡಿ ಒಂದು, ಹಿಂದಿನ ಸೀಟಿನಡಿ ಒಂದು. ಮಧ್ಯೆ ಕಾಲಿಡೋ ಜಾಗ ಖಾಲಿ. ಚಾರ್ಜಿಗೆ ಓಡೋ ದೂರ ಕಡಿಮೆ ಆಗುತ್ತೆ, ಹೊಟ್ಟೆ ಉಳಿಯುತ್ತೆ. ಮಧ್ಯದಲ್ಲಿ ಹೋಗೋ ಹೈ ವೋಲ್ಟೇಜ್ ಕೇಬಲ್ಲು ಫ್ರೇಮ್ ಹಳಿಯ ಒಳಗೇ ಇರ್ಲಿ.

ತೆರಿಗೆ_ತಜ್ಞ | ದಾವಣಗೆರೆ
ಎಲೆಕ್ಟ್ರಿಕ್ ಆದ್ರೆ ನಾಲ್ಕು ಮೀಟರ್ ಹಠ ಯಾಕೆ? ನಾಲ್ಕು ಮೀಟರ್ ಒಳಗಿದ್ರೆ ತೆರಿಗೆ ಕಡಿಮೆ ಅನ್ನೋ ನಿಯಮ ಇರೋದು ಪೆಟ್ರೋಲ್ 1,200 ಸಿಸಿ, ಡೀಸೆಲ್ 1,500 ಸಿಸಿ ಒಳಗಿನವಕ್ಕೆ. ಎಲೆಕ್ಟ್ರಿಕ್‌ಗೆ ಉದ್ದ ಎಷ್ಟಿದ್ರೂ ಜಿಎಸ್‌ಟಿ 5 ಪರ್ಸೆಂಟೇ. ಜಿಮ್ನಿ 3,985 ಇದ್ರೂ ಎಂಜಿನ್ ಒಂದೂವರೆ ಲೀಟರ್ ಪೆಟ್ರೋಲ್, ಅದಕ್ಕೆ ಸಣ್ಣ ಕಾರಿನ ತೆರಿಗೆ ಸಿಗಲಿಲ್ಲ.

ಪೆನ್ಸಿಲ್_ತುದಿ
ಸ್ಪರ್ಧೆಯ ನಿಯಮದಲ್ಲಿ ನಾಲ್ಕು ಮೀಟರ್ ಅಂತಿದೆ ಸರ್. ಉದ್ದ ಬೆಳೆಸಂಗಿಲ್ಲ.

ಎರೆ_ನೆಲ | ಚಳ್ಳಕೆರೆ
ಟೈರಿನ ಅಚ್ಚು ಬಿಡಿಸೋವಾಗ ನಮ್ಮ ಎರೆ ಮಣ್ಣು ನೆನಪಿಟ್ಕೊಳ್ಳಿ. ಕಾನ್ಸೆಪ್ಟ್‌ಗಳಲ್ಲಿ ಸಣ್ಣ ಸಣ್ಣ ಬ್ಲಾಕ್ ಹತ್ತಿರತ್ತಿರ ಬಿಡಿಸ್ತಾರೆ. ಮಳೆ ಬಿದ್ದ ಎರೆಯಲ್ಲಿ ಆ ಸಂದು ಎರಡು ಸುತ್ತಿಗೇ ತುಂಬಿ ಟೈರು ನುಣ್ಣಗಾಗುತ್ತೆ. ಸಂದು ಅಗಲ ಇರ್ಬೇಕು, ತಳ ಕಿರಿದು ಬಾಯಿ ಅಗಲ, ಆಗ ಚಕ್ರ ತಿರುಗಿದಂಗೆ ಮಣ್ಣು ಸಿಡಿದು ಹೋಗುತ್ತೆ. ವೀಲ್ ಆರ್ಚ್ ಒಳಗೂ ಅಷ್ಟೇ. ಟೈರಿಗೂ ಆರ್ಚಿಗೂ ಎರಡು ಬೆರಳು ಜಾಗ ಬಿಟ್ಟು "ಟೈಟ್ ಲುಕ್" ಅಂದ್ರೆ ಮಣ್ಣು ಅಲ್ಲೇ ಕಟ್ಟಿ ಚಕ್ರ ನಿಲ್ಲುತ್ತೆ.

ಬೆಣ್ಣೆ_ಭಕ್ತ
ಇದನ್ನೆಲ್ಲ ಓಡಿಸಿ ನೋಡೋಕೆ ಜೋಗಿಮಟ್ಟಿಗೆ ಹೋಗೋಣ?

ನಿವಾ_ಪ್ರೇಮಿ
ಅದು ವನ್ಯಧಾಮ ಕಣಪ್ಪ. ಅನುಮತಿ ಇಲ್ದೆ ರಸ್ತೆ ಬಿಟ್ಟು ಗಾಡಿ ಇಳಿಸಿದ್ರೆ ಅರಣ್ಯ ಇಲಾಖೆ ಕೇಸ್ ಹಾಕುತ್ತೆ. ಯಾರದಾದ್ರೂ ಹೊಲದ ದಾರಿ ಕೇಳ್ಕೊಂಡು ಹೋಗಿ, ಬೆಳೆ ಇಲ್ಲದ ಹೊತ್ತಲ್ಲಿ.

ಐದು_ನಿಮಿಷ_ಪ್ಲ್ಯಾಂಕ್ | ಹೊಸದುರ್ಗ
ವ್ಯಾಯಾಮಕ್ಕೆ ವಾಪಸ್ ಬರೋಣ. ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯೋದು) ಒಂದನ್ನೇ ಹಿಡಿದ್ರೆ ಸಾಲಲ್ವಾ? ಮೂರು, ನಾಲ್ಕು, ಐದು ನಿಮಿಷ ಅಂತ ಏರಿಸ್ತಾ ಹೋದ್ರೆ?

ಫಿಸಿಯೋ_ಅಕ್ಕ
ಎರಡನೇ ನಿಮಿಷಕ್ಕೆ ಹೆಚ್ಚಿನವರ ಸೊಂಟ ಜೋತು ಬಿದ್ದಿರುತ್ತೆ. ಆಮೇಲೆ ಹೊಟ್ಟೆ ಹಿಡಿದಿರಲ್ಲ, ಬೆನ್ನಿನ ಕೀಲು, ಲಿಗಮೆಂಟ್ ಮೇಲೆ ನೇತಾಡ್ತಿರ್ತಾರೆ. 20 ಸೆಕೆಂಡ್ ಸಾಕು, ಹೀಗೆ ಮಾಡಿದ್ರೆ: ಪೃಷ್ಠ ಬಿಗಿ ಹಿಡಿದು, ಪಕ್ಕೆಲುಬು ಸೊಂಟದ ಕಡೆ ಇಳಿಸಿ, ಎರಡೂ ಮೊಣಕೈಯನ್ನ ಕಾಲಿನ ಕಡೆ ಎಳೆಯೋ ಥರ ಒತ್ತಿ. ಮೊಣಕೈ ಜರುಗಬಾರದು. ಸರಿಯಾಗಿ ಮಾಡಿದ್ರೆ 20 ಸೆಕೆಂಡಲ್ಲಿ ಮೈ ನಡುಗುತ್ತೆ.

ಇದು ಸಲೀಸಾದ್ಮೇಲೆ ಟೈಲ್ಸ್ ನೆಲದ ಮೇಲೆ ಒಂದು ಹಳೇ ಟವೆಲ್ ಹಾಕಿ. ಮಂಡಿಯೂರಿ, ಮಂಡಿ ಕೆಳಗೆ ದಿಂಬು, ಟವೆಲ್ ಮೇಲೆ ಎರಡೂ ಕೈ ಇಟ್ಟು ಮುಂದಕ್ಕೆ ಜಾರಿ. ಸೊಂಟ ಕುಳಿ ಬೀಳೋಕೆ ಶುರುವಾಗೋ ಜಾಗ ನಿಮ್ಮ ಗಡಿ, ಅದಕ್ಕಿಂತ ಒಂದು ಗೇಣು ಹಿಂದೆ ನಿಂತು ವಾಪಸ್ ಬನ್ನಿ. ಆರು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಗೋಡೆ ಎದುರು ಮಾಡಿದ್ರೆ ಟವೆಲ್ ಗೋಡೆಗೆ ತಾಗಿ ನಿಲ್ಲುತ್ತೆ, ಮೂತಿ ಉಳಿಯುತ್ತೆ.

ಎದ್ದ ತಕ್ಷಣ ಮಾತ್ರ ಬೇಡ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತೆ, ಆಗ ಬಾಗಿದ್ರೆ ಅದರ ಮೇಲೆ ಒತ್ತಡ ಜಾಸ್ತಿ. ಒಂದು ಗಂಟೆ ಓಡಾಡಿ ಆಮೇಲೆ ಮಾಡಿ. ಕೆಮ್ಮಿದಾಗ ತೊಡೆಸಂದಿಯಲ್ಲಿ ಉಬ್ಬು ಬಂದ್ರೆ ಹರ್ನಿಯಾ ಇರಬಹುದು, ನೋವು ಮಂಡಿ ದಾಟಿ ಕೆಳಗಿಳಿದ್ರೆ, ಪಾದ ಜೋಮು ಹಿಡಿದ್ರೆ ನರದ ತೊಂದರೆ ಇರಬಹುದು. ಎರಡರಲ್ಲೂ ಚಾಪೆ ಸುತ್ತಿಟ್ಟು ಡಾಕ್ಟರ್ ಹತ್ರ ಹೋಗಿ.

ಶಾಂತಲಾ_ಬಿ | ಚನ್ನಗಿರಿ
ಅಕ್ಕಾ, ಬಾಣಂತನ ಮುಗಿದವರು ಕರ್ಲ್‌ಅಪ್ ಮಾಡಬಹುದಾ?

ಫಿಸಿಯೋ_ಅಕ್ಕ
ಮೊದಲು ಪರೀಕ್ಷೆ ಮಾಡ್ಕೊಳ್ಳಿ ತಂಗಿ. ಅಂಗಾತ ಮಲಗಿ ತಲೆ ಸ್ವಲ್ಪ ಎತ್ತಿ, ಹೊಕ್ಕುಳ ಮೇಲೆ ಕೆಳಗೆ ಬೆರಳು ಅಡ್ಡ ಇಟ್ಟು ಒತ್ತಿ. ಎರಡಕ್ಕಿಂತ ಹೆಚ್ಚು ಬೆರಳು ಪಕ್ಕಪಕ್ಕದಲ್ಲಿ ಒಳಗೆ ಹೋದ್ರೆ, ಹೊಟ್ಟೆಯ ಎರಡೂ ಬದಿ ಸ್ನಾಯು ಸೇರೋ ನಡುಗೆರೆ ಇನ್ನೂ ಬಿಟ್ಟುಕೊಂಡಿದೆ. ಆಗ ತಲೆ ಎತ್ತೋ ಯಾವುದೂ ಬೇಡ, ಉಸಿರು ಬಿಡ್ತಾ ಕೆಳಹೊಟ್ಟೆ ಮೆಲ್ಲಗೆ ಒಳಗೆಳೆಯೋದರಿಂದ ಶುರು ಮಾಡಿ. ಸಿಸೇರಿಯನ್ ಆಗಿದ್ರೆ ಹೆರಿಗೆ ಮಾಡಿಸಿದ ಡಾಕ್ಟರನ್ನ ಕೇಳಿಯೇ ಶುರು ಮಾಡಿ.

ಪೆನ್ಸಿಲ್_ತುದಿ
ಅಕ್ಕ, ಅಣ್ಣಂದಿರೆಲ್ಲರಿಗೂ ಥ್ಯಾಂಕ್ಸ್. ಕೊನೇದೊಂದು, ಕ್ಲೇ. ಥರ್ಮೊಕೋಲ್ ಕೋರ್ ಮೇಲೆ ಕ್ಲೇ ಹಚ್ಚಿ, ಸಿಲಿಕೋನ್ (ರಬ್ಬರಿನಂಥ ವಸ್ತು) ಅಚ್ಚು ತೆಗೆದು, ಫೈಬರ್ ಮೈ ಎರಕ ಹೊಯ್ಯೋ ಪ್ಲಾನು.

ಅಚ್ಚು_ಮನೆ | ಹರಿಹರ
ಪ್ಲಾನಲ್ಲಿ ಒಂದು ಕಂದಕ ಇದೆ. ಕಾರಿನ ಕ್ಲೇಯಲ್ಲಿ ಬಹಳಷ್ಟಕ್ಕೆ ಗಂಧಕ ಬೆರೆಸಿರ್ತಾರೆ. ಗಂಧಕ ತಾಗಿದ ಕಡೆ ಪ್ಲಾಟಿನಂ ಕ್ಯಾಟಲಿಸ್ಟ್ (ಗಟ್ಟಿ ಮಾಡೋ ರಾಸಾಯನಿಕ) ಇರೋ ಸಿಲಿಕೋನ್ ಗಟ್ಟಿ ಆಗಲ್ಲ, ಮೇಲ್ಮೈ ಅಂಟಂಟು ಉಳಿದು ಇಡೀ ಅಚ್ಚು ಹಾಳು. ಗಂಧಕ ಇಲ್ಲದ ಕ್ಲೇ ಕೇಳಿ ತಗೊಳ್ಳಿ, ಅಥವಾ ತವರದ ಕ್ಯಾಟಲಿಸ್ಟ್ ಇರೋ ಸಿಲಿಕೋನ್ ತಗೊಳ್ಳಿ. ಏನೇ ಆದ್ರೂ ಮೊದಲು ರೂಪಾಯಿ ಅಗಲದ ತುಂಡಿನ ಮೇಲೆ ಹೊಯ್ದು ಮಾರನೇ ದಿನ ಮುಟ್ಟಿ ನೋಡಿ.

ಥರ್ಮೊಕೋಲ್ ಮೇಲೆ ನೇರವಾಗಿ ಪಾಲಿಯೆಸ್ಟರ್ ರೆಸಿನ್ ಬಳಿದ್ರೆ ಅದರಲ್ಲಿರೋ ಸ್ಟೈರೀನ್ ಥರ್ಮೊಕೋಲನ್ನೇ ತಿಂದು ಹಾಕುತ್ತೆ. ನಡುವೆ ಕ್ಲೇ ಇದ್ರೆ ತೊಂದರೆ ಇಲ್ಲ, ನೇರ ಬಳಿಯೋದಾದ್ರೆ ಎಪಾಕ್ಸಿ.

ಕೋರನ್ನ ಅಂತಿಮ ಅಳತೆಗಿಂತ ಎಲ್ಲಾ ಕಡೆ 25 ಮಿ.ಮೀ. ಒಳಗೆ ಕತ್ತರಿಸಿ. ಕ್ಲೇ 55ರಿಂದ 60 ಡಿಗ್ರಿಗೆ ಬಿಸಿ ಆಗಿರ್ಲಿ. ಮೊದಲ ಪದರ ತೆಳ್ಳಗೆ, ಅಂಗೈ ಬುಡದಿಂದ ಒತ್ತಿ ಉಜ್ಜಬೇಕು, ಗಾಳಿ ಉಳಿದ್ರೆ ಆಮೇಲೆ ಕೆರೆಯುವಾಗ ಸಿಪ್ಪೆ ಏಳುತ್ತೆ. ಏಪ್ರಿಲ್ ಬಿಸಿಲು ಬೀಳೋ ಕಿಟಕಿ ಪಕ್ಕ ಮಾಡೆಲ್ ಇಡಬೇಡಿ, ಅಂಚುಗಳು ಮೆತ್ತಗಾಗ್ತವೆ.

ಫಿಸಿಯೋ_ಅಕ್ಕ
ಮತ್ತೆ ಆ ಮಾಡೆಲ್ ಮೇಜು ಎತ್ತರಿಸ್ರಪ್ಪ! ಕಾರಿನ ಕಿಟಕಿ ಗೆರೆ ನಿಮ್ಮ ಮೊಣಕೈ ಮಟ್ಟಕ್ಕೆ ಬರ್ಬೇಕು. ನಾಲ್ಕು ಕಾಲಿಗೂ ಇಟ್ಟಿಗೆ ಕೊಡಿ.

ಅಚ್ಚು_ಮನೆ
ಇಟ್ಟಿಗೆ ಕೊಟ್ಟ ಮೇಲೆ ನೀರಿನ ಲೆವೆಲ್ ಹಿಡಿದು ಮೇಜು ಸಮ ಇದೆಯಾ ನೋಡ್ಕೊಳ್ಳಿ. ಎಲ್ಲಾ ಎತ್ತರ ಅಳೆಯೋದು ಆ ಮೇಜಿನ ಮೇಲಿಂದ. ಒಂದು ಕಡೆ 2 ಮಿ.ಮೀ. ಬಗ್ಗಿದ್ರೆ 1:4ರಲ್ಲಿ ಅದು ನಿಜವಾದ ಗಾಡಿಯ 8 ಮಿ.ಮೀ.